ಎರಡಡಿ ತೊಟ್ಟಿಯಲ್ಲಿ ಅಂತರಗಂಗೆ

ಈಗಷ್ಟೇ ಅಕ್ವೇರಿಯಂ ಗಾಜು ಉಜ್ಜಿ ಕೂತೆ. ನೀರು ಇಳಿದಲ್ಲೆಲ್ಲಾ ಬಿಳೀ ಗೆರೆ, ನಮ್ಮ ಕೋಲಾರದ ಬೋರ್‌ವೆಲ್ ನೀರಿನ ರುಜು. ಈ ಗಡಸು ನೀರಲ್ಲಿ ಗಿಡ ಎಲ್ಲಿ ಬರುತ್ತೆ ಅಂದುಕೊಂಡಿದ್ದೆ. ಆದರೆ ವ್ಯಾಲಿಸ್ನೇರಿಯಾ ಅನ್ನೋ ಹುಲ್ಲಿನಂಥ ನೀರ್ಗಿಡ ಕ್ಯಾರೇ ಅನ್ನದೆ ಮರಳಲ್ಲಿ ಬಳ್ಳಿ ಚಾಚಿ ಮೂರು ಮರಿ ಹಾಕಿದೆ! ಮೀನು ಇನ್ನೂ ಬಿಟ್ಟಿಲ್ಲ. ಮರಳಲ್ಲಿ, ಫಿಲ್ಟರಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಕೂರೋಕೆ ನಾಲ್ಕೈದು ವಾರ ಬೇಕು. ಅಮ್ಮನದು ದಿನಾ ಒಂದೇ ಪ್ರಶ್ನೆ, "ಬರೀ ಹುಲ್ಲು ಸಾಕ್ತಿದ್ದೀಯೇನೋ?"

ಹೋದ ವಾರ ತೇಲೋ ಗಿಡ ಒಂದು ತಂದೆ. ಪುಟ್ಟ ಎಲೆಕೋಸಿನ ಹಾಗಿದೆ, ಮುಟ್ಟಿದರೆ ಮಖಮಲ್ಲು. ಅಂಗಡಿಯವರು ವಾಟರ್ ಲೆಟಿಸ್ ಅಂದರು. ಕನ್ನಡದಲ್ಲಿ ಅದರ ಹೆಸರು ಅಂತರಗಂಗೆ! ನಮಗೆ ಅಂತರಗಂಗೆ ಅಂದರೆ ಊರ ಪಕ್ಕದ ಬೆಟ್ಟ, ಬಸವನ ಬಾಯಿಂದ ಬೀಳೋ ನೀರು. ಈ ಗಿಡ ಕೆರೆಯಲ್ಲಿ ಹಬ್ಬಿದರೆ ಶಾಪ ಹಾಕ್ತೀವಿ. ತೊಟ್ಟಿಯಲ್ಲಿ ಇದೇ ಗಿಡ ಬೆಳಕು ತಡೆದು, ನೀರಿನ ಸಾರ ಹೀರಿ, ಪಾಚಿ ಕಟ್ಟೋದನ್ನ ತಗ್ಗಿಸುತ್ತೆ. ಆಗಲೇ ಒಂದು ಹಿಡಿ ಹೆಚ್ಚಾಯ್ತು, ಕರಿಬೇವಿನ ಬುಡಕ್ಕೆ ಹಾಕಿದೆ. ಕೆರೆಗಂತೂ ಎಸೆಯಲ್ಲಪ್ಪ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರೇ, ನಿಮ್ಮ ಕಡೆ ಈ ಗಿಡಕ್ಕೆ ಏನಂತೀರಿ?