ಡೆಲ್ಫ್ಟ್‌ನಿಂದ: ಕರುವಿನ ಕಿಣ್ವ, ಯೀಸ್ಟಿನ ಮಡಿಲಲ್ಲಿ

ಡೆಲ್ಫ್ಟ್, ನೆದರ್‌ಲ್ಯಾಂಡ್ಸ್



ಶಾಕಾಹಾರಿಗಳು ಚೀಸ್ ತಿನ್ನಬಹುದೇ ಎಂದು ಮನೆಯಲ್ಲಿ ಆಗಾಗ ಏಳುವ ಪ್ರಶ್ನೆಗೆ ಉತ್ತರ ಹುಡುಕಲು ಕಾಲುವೆಗಳ ಈ ಊರಿಗಿಂತ ತಕ್ಕ ಸ್ಥಳವಿಲ್ಲ. 1680ರಲ್ಲಿ ಲೇವೆನ್‌ಹುಕ್ ಅವರು ಯೀಸ್ಟಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇಲ್ಲಿಯೇ. 1869ರಲ್ಲಿ ವಾನ್ ಮಾರ್ಕೆನ್ ಅವರು ಇಲ್ಲಿ ಸ್ಥಾಪಿಸಿದ ಯೀಸ್ಟ್ ಕಾರ್ಖಾನೆಯೇ ಮುಂದೆ ಗಿಸ್ಟ್-ಬ್ರೊಕಾಡೆಸ್ ಕಂಪನಿಯಾಗಿ ಬೆಳೆದು, ಕರುವಿನ ಕಿಣ್ವವನ್ನು ಯೀಸ್ಟಿನಿಂದ ಪಡೆಯುವ ವಿಧಾನವನ್ನು ರೂಪಿಸಿತು.

ಮನೆಯ ಮೊಸರು ಹುಳಿಯಿಂದ ಗಟ್ಟಿಯಾದರೆ, ಚೀಸಿನ ಹಾಲು ಮುಖ್ಯವಾಗಿ ಗಟ್ಟಿಯಾಗುವುದು ಕೈಮೋಸಿನ್ ಎಂಬ ಕಿಣ್ವದಿಂದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನಿನಿಂದ. ಹಾಲು ಕುಡಿಯುವ ಕರುವಿನ ಹೊಟ್ಟೆಯ ನಾಲ್ಕನೆಯ ಕೋಣೆಯಲ್ಲಿ ಇದು ಹುಟ್ಟುವುದರಿಂದ, ಶತಮಾನಗಳ ಕಾಲ ಕೊಂದ ಎಳೆಗರುಗಳ ಜಠರವನ್ನು ನೆನೆಸಿಯೇ ರೆನೆಟ್ ಎಂಬ ಸಾರವನ್ನು ತೆಗೆಯಲಾಗುತ್ತಿತ್ತು.

ಈ ಕಿಣ್ವವನ್ನು ಯೀಸ್ಟಿನಿಂದ ಪಡೆಯಲು ಕರುವಿನ ಕೈಮೋಸಿನ್ ಜೀನನ್ನು ಅದಕ್ಕೆ ಸೇರಿಸಬೇಕು. ಆದರೆ ಆ ಜೀನ್‌ನ ನಡುನಡುವೆ ಇರುವ ಇಂಟ್ರಾನ್ ಎಂಬ ತುಣುಕುಗಳನ್ನು ಯೀಸ್ಟ್ ಸರಿಯಾಗಿ ತೆಗೆದುಹಾಕಲಾರದು. ಆದ್ದರಿಂದ ಆ ತುಣುಕುಗಳು ಆಗಲೇ ಕಳಚಿರುವ ಸಂದೇಶವಾಹಕ ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿಯನ್ನು ತಯಾರಿಸಿ, ಹಾಲಿನ ಸಕ್ಕರೆಯಲ್ಲೂ ಬೆಳೆಯಬಲ್ಲ ಕ್ಲುಯಿವೆರೊಮೈಸಿಸ್ ಲ್ಯಾಕ್ಟಿಸ್ ಎಂಬ ಯೀಸ್ಟಿಗೆ ಸೇರಿಸಲಾಯಿತು. ಈ ಕುಲಕ್ಕೆ ಹೆಸರು ಬಂದದ್ದು ಡೆಲ್ಫ್ಟ್‌ನ ಪ್ರಾಧ್ಯಾಪಕ ಕ್ಲುಯಿವರ್ ಅವರಿಂದ. ಬ್ರೆಡ್ಡಿನ ಯೀಸ್ಟಿನಲ್ಲಿ ತಯಾರಾದ ಕಿಣ್ವ ಬಹುಪಾಲು ಕೋಶದೊಳಗೇ ಉಳಿದುಬಿಡುತ್ತಿತ್ತು. ಲ್ಯಾಕ್ಟಿಸ್ ಯೀಸ್ಟ್ ಅದನ್ನು ಹೊರಗಿನ ದ್ರವಕ್ಕೆ ಧಾರಾಳವಾಗಿ ಸ್ರವಿಸಿದ್ದೇ ಇಡೀ ಸಾಧನೆಯ ತಿರುಳು. ಹೊರಬರುವ ಪ್ರೊಕೈಮೋಸಿನ್ ಎಂಬ ಪೂರ್ವರೂಪ ಇನ್ನೂ ಜಡವಾಗಿರುತ್ತದೆ. ದ್ರವವನ್ನು ಆಮ್ಲೀಯಗೊಳಿಸಿದಾಗ ಅದರ ಮುಂಭಾಗದ 42 ಅಮೈನೊ ಆಮ್ಲಗಳ ತುಂಡು ಕಳಚಿ, 323 ಅಮೈನೊ ಆಮ್ಲಗಳ ಕ್ರಿಯಾಶೀಲ ಕೈಮೋಸಿನ್ ಉಳಿಯುತ್ತದೆ.

ಅದರ ಬಲವನ್ನು ಅಳೆಯುವ ಹಳೆಯ ಪರೀಕ್ಷೆ ನೋಡತಕ್ಕದ್ದು. ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ಕೆನೆರಹಿತ ಹಾಲಿಗೆ ಕಿಣ್ವ ಹಾಕಿ, ಬಾಟಲಿಯನ್ನು 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಓರೆಯಾಗಿ ತಿರುಗಿಸುತ್ತಾರೆ; ಗಾಜಿನ ಒಳಮೈಗೆ ಹರಡುವ ತೆಳುವಾದ ಹಾಲಿನ ಪೊರೆ ಇದ್ದಕ್ಕಿದ್ದಂತೆ ಒಡೆದು ಸಣ್ಣ ಬಿಳಿ ಕಣಗಳು ಕಾಣಿಸಿಕೊಳ್ಳುವವರೆಗಿನ ಸಮಯವೇ ಅಳತೆ. ಹಾಲಿನ ಕೇಸಿನ್ ಎಂಬ ಪ್ರೋಟೀನಿನ ಕಣಗಳನ್ನು ಪರಸ್ಪರ ಅಂಟದಂತೆ ಕಾಯುವ ಕಪ್ಪಾ-ಕೇಸಿನ್‌ನ 105 ಮತ್ತು 106ನೆಯ ಅಮೈನೊ ಆಮ್ಲಗಳ ನಡುವೆ ಕಿಣ್ವ ಕತ್ತರಿಸುವುದರಿಂದಲೇ ಹಾಲು ಹೀಗೆ ಹೆಪ್ಪುಗಟ್ಟುತ್ತದೆ. ಜಠರದ ಸಾರದಲ್ಲಿ ಪೆಪ್ಸಿನ್ ಎಂಬ ಇನ್ನೊಂದು ಕಿಣ್ವವೂ ಬೆರೆತಿದ್ದು, ಅದು ಬೇರೆಡೆಗಳಲ್ಲೂ ಕತ್ತರಿಸಿ ಚೀಸಿಗೆ ಕಹಿ ತರಬಲ್ಲದಾದ್ದರಿಂದ, ಯೀಸ್ಟಿನ ಕೈಮೋಸಿನ್ ಅಸಲಿಗೆ ಬದಲಿಯಲ್ಲ, ಅದಕ್ಕಿಂತ ಶುದ್ಧವಾದ ಅಸಲೇ ಎನ್ನಬೇಕು.

ಹೀಗೆ ಯೀಸ್ಟಿನ ಕಿಣ್ವದಿಂದ ಮಾಡಿದ ಚೀಸನ್ನು ಶಾಕಾಹಾರಿಗಳು ತಿನ್ನಬಹುದು. ಆದರೆ ಇಟಲಿಯ ಪಾರ್ಮಿಜಿಯಾನೊ ರೆಜಿಯಾನೊ ಚೀಸಿಗೆ ಇಂದಿಗೂ ಕರುವಿನ ರೆನೆಟ್ಟೇ ಕಡ್ಡಾಯ. ಆದ್ದರಿಂದ ಮನೆಯವರು ಯಾವುದೇ ಚೀಸನ್ನು ಕೊಳ್ಳುವ ಮೊದಲು ರೆನೆಟ್ ಯಾವ ಮೂಲದ್ದೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.