ಬೆನ್ನು ನೋವು ಕರೆದುಕೊಂಡು ಹೋದ ಊರು

ಮಿಸಿಸಿಪ್ಪಿ ಅಂದ್ರೆ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ನದಿ ಅಂತ ಶಾಲೆಯಲ್ಲಿ ಓದಿದ್ದೆ. ಆದರೆ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಹತ್ತಿರ ಅದು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತೆ. ಆರು ತಿಂಗಳ ಪ್ರಾಜೆಕ್ಟ್ ಕೆಲಸಕ್ಕೆ ನಾನು ಬಂದಿಳಿದಿದ್ದು ನದಿಯ ಈಚೆ ದಡದ ಮೊಲೀನ್‌ನಲ್ಲಿ. ಮೂರನೇ ತಿಂಗಳಿಗೆ ಸೊಂಟ ಹಿಡಿದುಕೊಂಡಿತು. ಕುರ್ಚಿಯಿಂದ ಎದ್ದರೆ ನೆಟ್ಟಗಾಗಲು ಎರಡು ನಿಮಿಷ ಬೇಕು.

‘ಕೈರೋಪ್ರಾಕ್ಟಿಕ್ ಹುಟ್ಟಿದ ಊರೇ ನದಿಯಾಚೆ ಇದೆ, ಹೋಗಿ ತೋರಿಸು’ ಅಂದರು ಸಹೋದ್ಯೋಗಿ. ನಮ್ಮೂರಲ್ಲಿ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುತ್ತಿದ್ದರು. ಅದಕ್ಕಿಂತ ಇದು ವಾಸಿ ಅಂದುಕೊಂಡು ಒಂದು ಶನಿವಾರ ಬೆಳಿಗ್ಗೆ ಸೇತುವೆ ದಾಟಿದೆ.

ಡೇವನ್‌ಪೋರ್ಟ್‌ನ ಬ್ರೇಡಿ ಸ್ಟ್ರೀಟ್ ನದಿಯ ದಡದಿಂದ ಶುರುವಾಗಿ ಗುಡ್ಡ ಹತ್ತುತ್ತೆ. ಗುಡ್ಡದ ಮೇಲೆ ಪಾಮರ್ ಕಾಲೇಜ್. ಡಿ.ಡಿ. ಪಾಮರ್ ಕೆನಡಾದಲ್ಲಿ ಹುಟ್ಟಿದವರು, ಇಲ್ಲಿ ‘ಅಯಸ್ಕಾಂತ ಚಿಕಿತ್ಸೆ’ ಮಾಡಿಕೊಂಡಿದ್ದರು. 1895ರ ಸೆಪ್ಟೆಂಬರ್‌ನಲ್ಲಿ, ಕಟ್ಟಡ ಶುಚಿ ಮಾಡುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಎಂಬಾತನ ಬೆನ್ನುಮೂಳೆ ಒತ್ತಿ ಕಿವುಡು ವಾಸಿ ಮಾಡಿದೆ ಅಂತ ಹೇಳಿಕೊಂಡರು. ಬೆನ್ನುಮೂಳೆಗೂ ಕಿವಿಗೂ ಏನು ಸಂಬಂಧ ಅಂತ ವೈದ್ಯರು ಇವತ್ತಿಗೂ ಕೇಳುತ್ತಾರೆ. 1897ರಲ್ಲಿ ಶಾಲೆ ಶುರುವಾಯಿತು. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ ಆರೋಪದ ಮೇಲೆ ಪಾಮರ್ ಇದೇ ಊರಲ್ಲಿ ಜೈಲಿಗೂ ಹೋದರು. ಮಗ ಬಿ.ಜೆ. ಪಾಮರ್ ರೇಡಿಯೋ ಸ್ಟೇಷನ್ನನ್ನೂ ನಡೆಸಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1932ರಲ್ಲಿ ಅಲ್ಲಿ ಉದ್ಘೋಷಕರಾಗಿ ಕೆಲಸಕ್ಕೆ ಸೇರಿದರು.

ನಾನು ಹೋದದ್ದು ಹತ್ತಿರದ ಒಂದು ಚಿಕ್ಕ ಕ್ಲಿನಿಕ್‌ಗೆ. ಹೋದ ತಕ್ಷಣ ಮಲಗಿಸಿ ಮೂಳೆ ಲಟಕ್ ಅನ್ನಿಸುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಆಕೆ ಮೊದಲ ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ನೋವು ಕಾಲಿಗೆ ಇಳಿಯುತ್ತಾ? ಜ್ವರ ಇದೆಯಾ? ತೂಕ ಇಳಿದಿದೆಯಾ? ಮೂತ್ರಕ್ಕೆ ತೊಂದರೆ? ತೊಡೆಸಂದಿಯಲ್ಲಿ ಮರಗಟ್ಟಿದ ಹಾಗೆ? ಪಾದ ಎತ್ತಿ ಇಡೋಕೆ ಕಷ್ಟ?

ನನಗೆ ಒಂದೂ ಇರಲಿಲ್ಲ. ಆದರೆ ಕೊನೆಯ ಪ್ರಶ್ನೆಗೆ ಎದೆ ಝಲ್ ಅಂತು. ಬೆಂಗಳೂರಲ್ಲಿರುವ ತಮ್ಮ ಹಿಂದಿನ ವಾರ ಫೋನಿನಲ್ಲಿ ನಗ್ತಾ ಹೇಳಿದ್ದ: ‘ಅಣ್ಣಾ, ಬಲಗಾಲಿನ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗಲ್ಲ ಕಣೋ. ಬೈಕ್ ಓಡಿಸಿ ಓಡಿಸಿ ಬೆನ್ನು ಹೋಗಿದೆ. ರೀಲ್ಸ್‌ನಲ್ಲಿ ನೋಡಿದೀನಿ, ಒಬ್ಬರು ಒಂದೇ ಏಟಿಗೆ ಸರಿ ಮಾಡ್ತಾರಂತೆ, ಭಾನುವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ.’

ಆಕೆಗೆ ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ‘ಅವರ ಬೆನ್ನನ್ನು ಸದ್ಯಕ್ಕೆ ಯಾರೂ ತಿರುಚಬಾರದು. ನಾನಾಗಿದ್ದರೂ ಮುಟ್ಟುತ್ತಿರಲಿಲ್ಲ. ಮೊದಲು ಆಸ್ಪತ್ರೆಗೆ ಹೋಗಲಿ. ಈಗಲೇ ಫೋನ್ ಮಾಡಿ’ ಅಂದರು.

ಅಲ್ಲಿ ಬೆಳಿಗ್ಗೆ ಒಂಬತ್ತೂವರೆ, ಬೆಂಗಳೂರಲ್ಲಿ ರಾತ್ರಿ ಎಂಟು. ತಮ್ಮ ವಾದ ಮಾಡಿದ. ಕೊನೆಗೆ ಅಮ್ಮನ ಕೈಗೆ ಫೋನ್ ಕೊಡಿಸಿದೆ. ‘ಹೋಗ್ತಾನೆ ಬಿಡು, ನಾನೇ ಕರ್ಕೊಂಡು ಹೋಗ್ತೀನಿ’ ಅಂದಳು ಅಮ್ಮ.

ಆಮೇಲೆ ನನ್ನ ಸರದಿ. ಕಾಲು ನೆಟ್ಟಗೆ ಎತ್ತಿಸಿ, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಎಕ್ಸ್‌ರೇ ಎಲ್ಲರಿಗೂ ಬೇಕಾಗಲ್ಲವಂತೆ, ನನಗೂ ಬೇಕಾಗಲಿಲ್ಲ. ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಿಸಿ, ಸೊಂಟದ ಮೇಲೆ ಕೈಯಿಟ್ಟು ಒಂದು ಚುರುಕಾದ ಒತ್ತು. ಲಟಕ್! ಅದು ಮೂಳೆ ಕೂತ ಸದ್ದಲ್ಲ, ಕೀಲಿನ ದ್ರವದಲ್ಲಿ ಅನಿಲದಿಂದ ಆಗುವ ಸದ್ದು, ನಾವು ನೆಟಿಗೆ ಮುರಿದಾಗ ಬರುವಂಥದ್ದೇ. ಸದ್ದು ಬರದಿದ್ದರೆ ಚಿಕಿತ್ಸೆ ಆಗಿಲ್ಲ ಅಂತಲೂ ಅಲ್ಲ. ನೋವಾಗಲಿಲ್ಲ. ಮಾರನೇ ದಿನ ಮಾತ್ರ ಮೊದಲ ಸಲ ಜಿಮ್‌ಗೆ ಹೋಗಿ ಬಂದವರ ಹಾಗೆ ಮೈಕೈ ನೋವು. ಅದೂ ಒಂದೆರಡು ದಿನದಲ್ಲಿ ಹೋಯಿತು. ನಾಲ್ಕು ಸಲ ಹೋದೆ, ಅವರು ಹೇಳಿಕೊಟ್ಟ ವ್ಯಾಯಾಮ ಮಾಡಿದೆ. ಸೊಂಟ ಬಿಟ್ಟಿತು. ಒತ್ತಿದ್ದಕ್ಕೋ, ವ್ಯಾಯಾಮಕ್ಕೋ, ದಿನ ಕಳೆದದ್ದಕ್ಕೋ ಅಂತ ಬಿಡಿಸಿ ಹೇಳೋಕಾಗಲ್ಲ. ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ.

ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಬಿಸಿ ಶಾಖ, ಮಸಾಜ್ ಜೊತೆಗೆ ಇದನ್ನೂ ಸೇರಿಸಿತ್ತು. ಹಾಗಂತ ಎಲ್ಲ ಕಾಯಿಲೆಗೂ ಇದೇ ಮದ್ದು ಅನ್ನುವವರನ್ನು ನಂಬಬೇಡಿ. ಕುತ್ತಿಗೆ ವಿಷಯದಲ್ಲಂತೂ ಹುಷಾರು. ಜೋರಾಗಿ ತಿರುಚಿದಾಗ ಮಿದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆದ ಪ್ರಕರಣಗಳಿವೆ. ಅಪರೂಪ, ಆದರೆ ಇವೆ. ಕಟಿಂಗ್ ಶಾಪ್‌ನಲ್ಲಿ ತಲೆ ಮಸಾಜ್ ಮಾಡಿ ಕೊನೆಗೆ ಕತ್ತು ತಿರುಗಿಸ್ತಾರಲ್ಲ, ನಾನೀಗ ಬೇಡ ಅಂತೀನಿ.

ತಮ್ಮನಿಗೆ ಸ್ಕ್ಯಾನ್‌ನಲ್ಲಿ ಸಿಕ್ಕಿದ್ದು ಜಾರಿದ ಡಿಸ್ಕ್, ನರದ ಮೇಲೆ ಒತ್ತಿ ಕೂತಿತ್ತು. ಆ ವಾರವೇ ಆಪರೇಷನ್ ಆಯಿತು. ನಾನು ವಾಪಸ್ ಬಂದಾಗ ಏರ್‌ಪೋರ್ಟ್‌ಗೆ ಬಂದಿದ್ದ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು. ಪಾದ ಇನ್ನೂ ಪೂರ್ತಿ ಮೇಲೇಳಲ್ಲ, ಫಿಸಿಯೋಥೆರಪಿ ನಡೀತಿದೆ. ನನ್ನ ಸೂಟ್‌ಕೇಸ್ ಎತ್ತೋಕೆ ಬಂದ, ಗದರಿ ಬಿಡಿಸಿದೆ.

ನೀವೂ ಬೆನ್ನು ತೋರಿಸೋಕೆ ಹೋದರೆ ಒಂದು ನೆನಪಿಡಿ. ಮುಟ್ಟುವ ಮೊದಲು ಅವರು ನಿಮ್ಮನ್ನು ಎಷ್ಟು ಪ್ರಶ್ನೆ ಕೇಳ್ತಾರೆ ಅಂತ ನೋಡಿ. ಒಂದೂ ಕೇಳದಿದ್ದರೆ, ಎದ್ದು ಬನ್ನಿ.