ಚೇಳೂರಿನಲ್ಲಿ ನಿಂತ ಮನೆ-ವ್ಯಾನು

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. 2017ರ ಸುಮಾರಿಗೆ ನಾಡಿನ ಗಮನ ಸೆಳೆದ, ತಾಮ್ರಗೆಂಪು ತೊಳೆಯ 'ಸಿದ್ದು' ಹಲಸಿನ ತವರು. ಬೇಸಗೆಯ ಹಲಸಿನ ಸಂತೆಯನ್ನು ನೋಡಲು, ಅಡಿಗೆ-ಹಾಸಿಗೆಗಳನ್ನು ಒಳಗೇ ಅಳವಡಿಸಿದ್ದ ಹಳೆಯ ವ್ಯಾನಿನಲ್ಲಿ ಬಂದ ದಂಪತಿಗಳಿಗೆ ಊರ ಅಂಚಿನಲ್ಲಿಯೇ ವಿಘ್ನ ಒದಗಿತು. ಎಂಜಿನ್ ಕಾದು, ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಎದ್ದಿತು.

ಮೆಕ್ಯಾನಿಕನು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ತೋರಿಸಿದನು. ಎಣ್ಣೆ ಹಾಲು ಬೆರೆತ ಕಾಫಿಯಂತಿತ್ತು! ಹೆಡ್ ಗ್ಯಾಸ್ಕೆಟ್ ಒಡೆದು ರೇಡಿಯೇಟರಿನ ನೀರು ಎಣ್ಣೆಗೆ ಸೇರಿತ್ತು.

"ಗುಬ್ಬಿಯವರೆಗಾದರೂ ಓಡಿಸಬಹುದಲ್ಲವೆ?" ಎಂದರು ಯಜಮಾನರು.

"ಬೇಡಿ ಸ್ವಾಮಿ. ನೀರು ಬೆರೆತ ಎಣ್ಣೆಗೆ ಜಿಡ್ಡಿರುವುದಿಲ್ಲ. ಬೇರಿಂಗು ಸವೆದು ಎಂಜಿನ್ನೇ ಹಿಡಿದುಕೊಂಡೀತು."

ಯಜಮಾನರು ಒಮ್ಮೆ ಮಡದಿಯ ಮುಖವನ್ನು ನೋಡಿ, ಬೀಗದ ಕೈಯನ್ನು ಅವನಿಗಿತ್ತರು. ಮರುದಿನ ವ್ಯಾನು ಲಾರಿಯನ್ನೇರಿತು. ದಂಪತಿಗಳು ಹಲಸಿನ ಹಣ್ಣೊಂದನ್ನು ಹೊತ್ತು ಬಸ್ಸನ್ನೇರಿದರು. ಅಂದು ಪಯಣ ನಿಂತುದರಿಂದಲೇ ಎಂಜಿನ್ ಉಳಿಯಿತು.